ನಲವತ್ತೊಂದನೆಯ ಸೆಕೆಂಡು

ಆ ಸೋಮವಾರ ಬೆಳಿಗ್ಗೆ ಸಾತೆಕಿ ಕಳಿಸಿದ್ದು ಒಂದು ಹಂದಿಯ ವಿಡಿಯೋ.

ನೀರು ಇಳಿದ ಹೊತ್ತು. ಬಯಲಾದ ಹವಳದ ಬಂಡೆಗಳ ಮೇಲೆ ಅವನ ಹಂದಿ ಮೂತಿಯೂರಿ ಚಿಪ್ಪು ಹುಡುಕುತ್ತಿದೆ. ಒಂದು ಸಂದಿನಿಂದ ಆಕ್ಟೋಪಸ್ ಹೊರಬಂದು ಅದರ ಮೂತಿಗೇ ಅಂಟಿಕೊಳ್ಳುತ್ತದೆ. ಹಂದಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಲೆ ಒದರಿ, ಕೊನೆಗೆ ಆ ಎಂಟು ಕೈಗಳನ್ನು ಮುಖದ ಮೇಲೆ ಹೊತ್ತುಕೊಂಡೇ, ಚರ್ಚಿಗೆ ತಡವಾದ ಹೆಂಗಸಿನ ಹಾಗೆ ದಡದ ಕಡೆ ಓಡುತ್ತದೆ. ಹಿಂದಿನಿಂದ ಸಾತೆಕಿಯ ನಗು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ನಡುವೆ ಬಿಳಿ ವೃತ್ತ ಸುತ್ತತೊಡಗಿತು. ಕೆಳಗೆ ನಲವತ್ತೊಂದು ಸೆಕೆಂಡು ಎಂದು ತೋರಿಸುತ್ತಿತ್ತು.

ನಕ್ಕು ನಕ್ಕು ಕಣ್ಣೊರೆಸಿಕೊಂಡೆ. ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಉಳಿದದ್ದನ್ನು ಕಾಯದೆ, ಅದರ ಲಿಂಕನ್ನು ಮನೆಯವರಿಗೆಲ್ಲ ಕಳಿಸಿಬಿಟ್ಟೆ.

ಉಳಿದದ್ದರಲ್ಲಿ ಏನಿತ್ತೆಂದು ನಿಮಗೆ ಈಗಲೇ ಹೇಳುತ್ತೇನೆ. ನನಗೆ ಗೊತ್ತಾಗಿದ್ದು ಮಾತ್ರ ಗುರುವಾರ.

ನಲವತ್ತೊಂದನೆಯ ಸೆಕೆಂಡಿನ ನಂತರ ಸಾತೆಕಿ ಫೋನನ್ನು ತನ್ನ ಮುಖದ ಕಡೆ ತಿರುಗಿಸುತ್ತಾನೆ. ಎಪ್ಪತ್ತು ವರ್ಷದ ಮುಖ, ನೆರೆತ ಗಡ್ಡ, ನಕ್ಕು ಒದ್ದೆಯಾದ ಕಣ್ಣು. ನಲವತ್ತು ವರ್ಷ ನನ್ನನ್ನು ಟೀಚರ್ ಎಂದೇ ಕರೆದವನು ಮೊದಲ ಸಲ ಹೆಸರು ಹಿಡಿಯುತ್ತಾನೆ.

"ಲೋಸೆ, ಮಗಳು ಆಕ್ಲೆಂಡಿಗೆ ಬಂದುಬಿಡು ಅಂತ ಟಿಕೆಟ್ ಕಳಿಸಿದ್ದಾಳೆ. ಶುಕ್ರವಾರದ ಹಡಗು. ನೀನು ನನ್ನ ಜೊತೆ ಇರ್ತೀನಿ ಅಂದ್ರೆ ನಾನು ಹತ್ತಲ್ಲ. ಬಾಯಿಬಿಟ್ಟು ಹೇಳಬೇಡ, ನಿಂಗೆ ನಾಚಿಕೆ. ಒಂದು ವಿಡಿಯೋ ಕಳಿಸು. ಕೋಳಿದಾದ್ರೂ ಸರಿ. ಬರಲಿಲ್ಲ ಅಂದ್ರೆ ನಂಗೆ ಉತ್ತರ ಸಿಕ್ಕಿತು ಅಂದ್ಕೊಂಡು ಹೊರಟುಬಿಡ್ತೀನಿ."

ಇಷ್ಟನ್ನು ನಾನು ನೋಡಿರಲಿಲ್ಲ. ನನ್ನ ತಮ್ಮ ಹವೇಯಾ ನೋಡಿದ.

*

ನಮ್ಮ ಟೊಂಗಾ ದ್ವೀಪಗಳಲ್ಲಿ ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂತು ಸಿನಿಮಾ ನೋಡುವುದಿಲ್ಲ. ಅಕ್ಕನ ಪ್ರೀತಿ ಪ್ರೇಮದ ಮಾತು ತಮ್ಮನ ಕಿವಿಗೆ ಬಿದ್ದರೆ ಅವನು ಎದ್ದು ಹೋಗಬೇಕು. ಆ ವಿಷಯ ಅವಳ ಹತ್ತಿರ ಎತ್ತಲೂ ಕೂಡದು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಿಗೂ ಇದೇ ಮರ್ಯಾದೆ. ಹಾಗಾಗಿ ಫೋನಿನಲ್ಲೂ ನಮ್ಮ ಮನೆತನಕ್ಕೆ ಮೂರು ಗುಂಪು: ಹೆಂಗಸರದು, ಗಂಡಸರದು, ಎಲ್ಲರದು. ಎಲ್ಲರದರಲ್ಲಿ ಸಾವಿನ ಸುದ್ದಿ, ಚರ್ಚಿನ ಸುದ್ದಿ, ಮತ್ತೆ ಪ್ರಾಣಿಗಳ ವಿಡಿಯೋ. ಪ್ರಾಣಿಗಳಲ್ಲಿ ಮರ್ಯಾದೆ ಮೀರುವಂಥದ್ದು ಏನಿದ್ದೀತು ಎಂದು ನಾವೆಲ್ಲ ನಂಬಿದ್ದೆವು.

ಹಂದಿಯನ್ನು ಎಲ್ಲರ ಗುಂಪಿಗೆ ಕಳಿಸಿದ ಕಾಲು ಗಂಟೆಯಲ್ಲಿ ಪರದೆಯ ಮೇಲೆ ಒಂದು ಸಾಲು ಬಂತು. ಹವೇಯಾ ಗುಂಪು ತೊರೆದಿದ್ದಾರೆ.

ಅವನ ಹಿಂದೆ ಇನ್ನೊಬ್ಬ. ಮತ್ತಿಬ್ಬರು. ಊಟದ ಹೊತ್ತಿಗೆ ಹನ್ನೊಂದು ಗಂಡಸರು ಒಂದು ಮಾತಿಲ್ಲದೆ ಹೊರಟುಹೋಗಿದ್ದರು. ಯಾರೋ ಸತ್ತ ಮನೆಯಿಂದ ಜನ ಒಬ್ಬೊಬ್ಬರಾಗಿ ಎದ್ದು ಹೋಗುವ ಹಾಗಿತ್ತು ಅದು.

ಹವೇಯಾನ ಹೆಂಡತಿ ಕಲೊಲೈನೆಗೆ ಫೋನ್ ಮಾಡಿದೆ.

"ಅಕ್ಕಾ, ನಿಮ್ಮ ಧೈರ್ಯ ಮೆಚ್ಚಿದೆ ಕಣ್ರೀ! ಎಲ್ಲರಿಗೂ ಒಟ್ಟಿಗೇ ಕಳಿಸಿಬಿಟ್ರಲ್ಲ!"

"ಹಂದಿ ವಿಡಿಯೋ ಕಳಿಸೋಕೆ ಧೈರ್ಯ ಯಾಕೆ ಬೇಕೇ?"

"ಹಂದಿಯಂತೆ ಹಂದಿ! ಆಟ ಆಡಬೇಡಿ. ಇವರು ಆಗಿನಿಂದ ಮಾತೇ ಆಡಿಲ್ಲ. ಹಿತ್ತಿಲಲ್ಲಿ ಕೂತು ಕತ್ತಿ ಮಸೀತಾ..."

ಅಲ್ಲಿಗೆ ಕರೆ ಕಡಿದುಹೋಯಿತು. ಮತ್ತೆ ಹತ್ತಲಿಲ್ಲ. ವಿಡಿಯೋ ತೆರೆದರೆ ಅಲ್ಲೂ ವೃತ್ತವೇ ಸುತ್ತುತ್ತಿತ್ತು.

*

ಹವೇಯಾನ ಕತ್ತಿ ಎಂದರೆ ನನಗೆ ಒಂದು ಹಳೆಯ ಶನಿವಾರ ನೆನಪಾಗುತ್ತದೆ.

ಆಗ ನಾನು ಫಿಜಿಯ ಸುವಾದಲ್ಲಿ ಕಾಲೇಜು ಮುಗಿಸಿ ಬಂದ ಹೊಸ ಟೀಚರ್. ಸಾತೆಕಿ ನಮ್ಮ ಊರು ನೆಯಾಫುವಿನ ಬೇಕರಿಯ ಹಿಂದೆ ವಿಡಿಯೋ ಅಂಗಡಿ ಇಟ್ಟಿದ್ದ. ಒಂದು ಟಿವಿ, ಒಂದು ಫ್ಯಾನು, ಇಪ್ಪತ್ತು ಕುರ್ಚಿ. ಒಂದೇ ಕ್ಯಾಸೆಟ್ಟನ್ನು ಶನಿವಾರ ಎರಡು ಸಲ ಹಾಕುತ್ತಿದ್ದ: ಮಧ್ಯಾಹ್ನ ಅಕ್ಕತಂಗಿಯರಿಗೆ, ಸಂಜೆ ಅಣ್ಣತಮ್ಮಂದಿರಿಗೆ. ಫ್ಯಾನಿನ ಎದುರಿನ ಕುರ್ಚಿಯ ಮೇಲೆ ತನ್ನ ಟೊಪ್ಪಿ ಇಟ್ಟಿರುತ್ತಿದ್ದ. ನಾನು ಬಂದರೆ ಮಾತ್ರ ಟೊಪ್ಪಿ ಏಳುತ್ತಿತ್ತು.

"ಟೀಚರ್, ಇವತ್ತು ನಡುವೆ ಸ್ವಲ್ಪ ಬಿಳಿ ಗೆರೆ ಬರುತ್ತೆ, ಬೇಜಾರು ಮಾಡ್ಕೋಬೇಡಿ."

"ಯಾಕೆ?"

"ಮುತ್ತಿನ ಸೀನು. ಜನ ಹಿಂದಕ್ಕೆ ಸುತ್ತಿ ಸುತ್ತಿ ನೋಡಿದ್ದಾರೆ. ಎಲ್ಲಿ ಹೆಚ್ಚು ಪ್ರೀತಿ ಮಾಡಿದ್ದಾರೋ ಟೇಪು ಅಲ್ಲೇ ಸವೆಯೋದು."

"ನೀವೂ ಸುತ್ತಿ ನೋಡಿದ್ರಾ?"

"ನಾನು ಅಂಗಡಿಯವನು. ಚೆಕ್ ಮಾಡಬೇಕಲ್ಲ!"

ಹಾಗೆ ಹೇಳಿ ಕಿವಿಯವರೆಗೆ ಕೆಂಪಾಗಿ ಯಂತ್ರದೊಳಗೆ ತಲೆ ತೂರಿಸಿದ. ಆ ಕೆಂಪು ಕಿವಿಗಳನ್ನು ನಾನು ಮರೆತಿಲ್ಲ.

ಒಂದು ಶನಿವಾರ ಸಿನಿಮಾ ಮುಗಿದು ಎಲ್ಲರೂ ಹೋದ ಮೇಲೂ ನಾನು ಕೂತಿದ್ದೆ. ಬಾಗಿಲಲ್ಲಿ ಹವೇಯಾ ಬಂದು ನಿಂತ. ಇಪ್ಪತ್ನಾಲ್ಕು ವರ್ಷದ ಹುಡುಗ. ನನ್ನ ಕಡೆ ಕಣ್ಣೆತ್ತಲಿಲ್ಲ. ಕೈಯಲ್ಲಿದ್ದ ಕತ್ತಿಯನ್ನು ಬೀಸಿ ಟಿವಿಯ ತಂತಿಯನ್ನು ಕಡಿದು ಹೊರಟುಹೋದ. ಮುಂದಿನ ವಾರ ಅಂಗಡಿ ಮುಚ್ಚಿತು. ವರ್ಷ ತುಂಬುವುದರೊಳಗೆ ಸಾತೆಕಿಗೆ ಬೇರೆ ಕಡೆ ಮದುವೆಯಾಯಿತು. ನಾನು ಮದುವೆಯಾಗಲೇ ಇಲ್ಲ.

ಆಮೇಲೆ ಪ್ರತಿ ವರ್ಷವೂ ಹವೇಯಾನ ತೋಟದ ಮೊದಲ ಗೆಣಸು ಮಣ್ಣು ಒರೆಸಿಕೊಂಡು ನನ್ನ ಬಾಗಿಲಿಗೆ ಬರುತ್ತಿತ್ತು. ಇಟ್ಟು, ತಲೆ ತಗ್ಗಿಸಿ ಹೋಗುತ್ತಿದ್ದ. ಅದು ಅಕ್ಕನಿಗೆ ಸಲ್ಲಬೇಕಾದ ಮರ್ಯಾದೆಯೋ, ಬೇರೆ ಏನಾದರೂ ಇತ್ತೋ, ನಾನು ಕೇಳುವ ಹಾಗಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಸಾತೆಕಿಯ ಹೆಂಡತಿ ತೀರಿಕೊಂಡಳು. ಅವನು ತೆಂಗಿನ ತೋಟ ನೋಡಿಕೊಳ್ಳುತ್ತ ಪಡುವಣದ ಪುಟ್ಟ ದ್ವೀಪದಲ್ಲಿ ಒಬ್ಬನೇ ಉಳಿದ. ಒಂದು ಬೆಳಿಗ್ಗೆ ನನ್ನ ಫೋನಿಗೆ ಆಡೊಂದು ಪಾದ್ರಿಯ ಟೊಪ್ಪಿ ತಿನ್ನುವ ವಿಡಿಯೋ ಬಂತು. ಅಂದಿನಿಂದ ದಿನಕ್ಕೊಂದು. "ಈಗಿನ ವಿಡಿಯೋ ಎಷ್ಟು ಸಲ ನೋಡಿದ್ರೂ ಸವೆಯಲ್ಲ ಟೀಚರ್. ಅದೇ ನಂಗೆ ಬೇಜಾರು. ಯಾರು ಎಲ್ಲಿ ನಿಂತು ಪ್ರೀತಿ ಮಾಡಿದ್ರು ಅಂತ ಗುರುತೇ ಉಳಿಯಲ್ಲ," ಎಂದು ಒಮ್ಮೆ ಬರೆದಿದ್ದ.

*

ಮಂಗಳವಾರ ಮಧ್ಯಾಹ್ನ ಪಡುವಣದಿಂದ ಒಂದು ಸದ್ದು ಬಂತು. ದೊಡ್ಡ ಬಾಗಿಲನ್ನು ಯಾರೋ ನೀರಿನಡಿಯಲ್ಲಿ ದೂಡಿ ಮುಚ್ಚಿದ ಹಾಗೆ. ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿದವು. ನೋಡಿದರೆ ದಿಗಂತದಲ್ಲಿ ಬೂದು ಬಣ್ಣದ ಕಂಬ ಎದ್ದು, ತಲೆ ಬಿಚ್ಚಿಕೊಂಡು ನಿಂತಿತ್ತು.

ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು ಅಡಿಯ ಇಂಟರ್ನೆಟ್ ಕೇಬಲ್ ತುಂಡಾಯಿತೆಂದು ಪೋಸ್ಟ್ ಆಫೀಸಿನವರು ಹೇಳಿದರು. ಪಡುವಣದ ದ್ವೀಪಗಳ ಟವರೂ ಸತ್ತಿತ್ತು. ಫೋನಿನಲ್ಲಿ ಹಂದಿ ಹಾಗೇ ನಿಂತಿತ್ತು, ಮುಖದ ತುಂಬ ಕೈಗಳು. ಅದರ ಮೇಲೆ ಬಿಳಿ ವೃತ್ತ ಸುತ್ತುತ್ತಲೇ ಇತ್ತು.

ಬುಧವಾರ ಒಣಹಾಕಿದ ಬಟ್ಟೆಯ ಮೇಲೆ ಬೂದಿ ಬಿತ್ತು. ಹಕ್ಕಿಗಳು ಕೂಗಲಿಲ್ಲ. ಮಾರ್ಕೆಟ್ಟಿನಲ್ಲಿ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬಳು ಮಾತ್ರ ತನ್ನ ಛತ್ರಿಯನ್ನು ನನ್ನ ಕೈಗಿತ್ತು, "ಮನೆಗೆ ಹೋಗಿ ಟೀಚರ್, ಕೂದಲೆಲ್ಲ ಬೂದಿ," ಎಂದಳು. ಏನು ನಡೆದಿದೆ ಎಂದು ಕೇಳದೆ ಛತ್ರಿ ಬಿಚ್ಚಿ ಮನೆಗೆ ನಡೆದೆ.

ಗುರುವಾರ ಬಸ್ ಹಿಡಿದು ಕಲೊಲೈನೆಯ ಊರಿಗೆ ಹೋದೆ. ಅವಳು ಅಂಗಳದ ಬೂದಿ ಗುಡಿಸುತ್ತಿದ್ದಳು.

"ನಾನು ಏನು ತಪ್ಪು ಮಾಡಿದೆ ಹೇಳೇ."

ಅವಳು ನನ್ನ ಮುಖ ನೋಡಿ ಪೊರಕೆ ಕೆಳಗಿಟ್ಟಳು. "ಅಯ್ಯೋ ದೇವರೇ. ನೀವು ಪೂರ್ತಿ ನೋಡಿಲ್ವಾ?"

"ವೃತ್ತ ಸುತ್ತುತ್ತಾ ಇತ್ತು..."

"ನೀವು ಒಪ್ಪಿಕೊಂಡು, ಊರಿಗೆಲ್ಲ ಸಾರಿದ್ರಿ ಅಂದ್ಕೊಂಡೆವು ನಾವೆಲ್ಲ!"

ನೆಟ್ ಹೋಗುವ ಮುಂಚೆಯೇ ಅವಳು ಅದನ್ನು ಫೋನಿಗೆ ಇಳಿಸಿಕೊಂಡಿದ್ದಳು. ಬ್ಲೂಟೂತಿನಲ್ಲಿ ನನಗೆ ಕಳಿಸಿ, ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು, ಬೆನ್ನು ತಿರುಗಿಸಿ ನಿಂತಳು. ನಾನು ಒಬ್ಬಳೇ ನೋಡಲಿ ಎಂದು.

ನೋಡಿದೆ. ನಾಳೆಯೇ ಶುಕ್ರವಾರ.

"ಹವೇಯಾ ಎಲ್ಲಿ?"

ಅವಳ ದನಿ ಇಳಿಯಿತು. "ಇವತ್ತು ಬೆಳಗಿನ ಜಾವ ದೋಣಿ ತಗೊಂಡು ಹೋದ್ರು. ಪಡುವಣಕ್ಕೆ. ಒಂದು ಮಾತೂ ಹೇಳಲಿಲ್ಲ. ಕತ್ತಿ ಇಲ್ಲ. ಗೋಡೆ ಮೇಲಿದ್ದ ಸೊಂಟದ ಚಾಪೆನೂ ಇಲ್ಲ."

ಸೊಂಟಕ್ಕೆ ಚಾಪೆಯನ್ನು ನಾವು ಮದುವೆಗೂ ಕಟ್ಟುತ್ತೇವೆ, ಸಾವಿಗೂ ಕಟ್ಟುತ್ತೇವೆ.

*

ಶುಕ್ರವಾರ ಬೆಳಕು ಸರಿಯಾಗಿ ಹರಿಯಲೇ ಇಲ್ಲ. ಕಟ್ಟೆಯ ಮೇಲೆ ಜನ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಡಗು ಹತ್ತುತ್ತಿದ್ದರು. ನಾನು ಒಬ್ಬೊಬ್ಬರ ಮುಖ ನೋಡಿದೆ. ಸಾತೆಕಿ ಇರಲಿಲ್ಲ. ಹಡಗು ಎರಡು ಸಲ ಕೂಗಿತು, ಹಗ್ಗ ಬಿಚ್ಚಿದರು, ಹೋಯಿತು. ಅವನು ನನ್ನನ್ನು ಬಿಟ್ಟು ಹೋಗಿದ್ದರೂ ಅಷ್ಟು ಭಯವಾಗುತ್ತಿರಲಿಲ್ಲ.

ಬೂದು ನೀರಿನ ಮೇಲೆ ಒಂದು ಚುಕ್ಕೆ ಕಂಡಿತು. ಎಂಜಿನ್ನಿನ ಸದ್ದಿಲ್ಲ. ಹುಟ್ಟು ಹಾಕುತ್ತಿದ್ದಾರೆ. ದೋಣಿಯಲ್ಲಿ ಒಬ್ಬನೇ ಕೂತಿದ್ದ. ಹವೇಯಾ. ಅಡಿಯಿಂದ ಮುಡಿಯವರೆಗೆ ಬೂದಿ. ಅವನ ಕಾಲ ಬಳಿ ಏನೋ ಮುಚ್ಚಿ ಮಲಗಿಸಿದ್ದ.

ಕಟ್ಟೆಯ ಅಂಚಿಗೆ ಓಡಿದೆ.

ಆ ಮುಚ್ಚಿದ್ದು ಕೆಮ್ಮಿತು. "ನಿಧಾನ ಮಾರಾಯ, ದೋಣಿ ಗುದ್ದಬೇಡ. ಹಂದಿ ಹೆದರುತ್ತೆ."

ಮುಸುಕಿನಿಂದ ಮೊದಲು ಹಂದಿಯ ಮೂತಿ ಬಂತು. ಅದರ ಹಿಂದೆ ಸಾತೆಕಿಯ ಗಡ್ಡ. ಎಡಗೈಗೆ ಹವೇಯಾನ ಅಂಗಿಯ ಪಟ್ಟಿ ಸುತ್ತಿತ್ತು.

"ಬೂದಿ ಭಾರಕ್ಕೆ ಸೂರು ಕೂತುಬಿಡ್ತು ಟೀಚರ್. ಒಂದೂವರೆ ದಿನ ಅದರಡಿ ಬಿದ್ದಿದ್ದೆ. ನಿನ್ನ ತಮ್ಮ ಕತ್ತಿಯಿಂದ ತೊಲೆ ಕಡಿದು ಎಳೆದ. ದಾರೀಲಿ ಎಂಜಿನ್ನಿಗೂ ಬೂದಿ ತುಂಬಿ, ರಾತ್ರಿಯೆಲ್ಲ ಹುಟ್ಟು ಹಾಕಿದಾನೆ ಪಾಪ. ಯಾಕೆ ಬಂದೆಯಪ್ಪಾ ಅಂದ್ರೆ ಬಾಯೇ ಬಿಡಲ್ಲ."

ಹವೇಯಾ ಸೊಂಟಕ್ಕೆ ಚಾಪೆ ಕಟ್ಟಿದ್ದ. ಹೊಸದು, ಮದುವೆಗೆ ಕಟ್ಟುವಂಥದ್ದು. ಹಂದಿಯನ್ನು ಎತ್ತಿ ತಂದು ನನ್ನ ಕಾಲ ಬಳಿ ಇಳಿಸಿದ. ತಲೆ ತಗ್ಗಿಸಿದ. ಹತ್ತು ಹೆಜ್ಜೆ ದೂರ ಹೋಗಿ ನಮಗೆ ಬೆನ್ನು ಹಾಕಿ ನಿಂತ. ಅವನ ಅಂಗೈಗಳಿಂದ ರಕ್ತ ಸೋರುತ್ತಿತ್ತು.

"ಒಂದು ಮಾತು ಕೇಳ್ತೀನಿ," ಎಂದ ಸಾತೆಕಿ. "ಆ ವಿಡಿಯೋ ನಿಂಗೊಬ್ಬಳಿಗೇ ಕಳಿಸಿದ್ದು. ಸಂಜೆ ನೋಡಿದ್ರೆ ಮೂವತ್ತೇಳು ಸಲ ನೋಡಿದ್ದಾರೆ ಅಂತ ತೋರಿಸ್ತಿತ್ತು. ಟೀಚರ್ ಒಬ್ಬಳೇ ಮೂವತ್ತೇಳು ಸಲ ಸುತ್ತಿ ನೋಡಿದ್ದಾಳೆ ಅಂತ ನಾನು ಕುಣಿದಿದ್ದೇ ಕುಣಿದಿದ್ದು."

"ಕುಣಿದು ಸೂರು ಬೀಳಿಸ್ಕೊಂಡ್ರಾ?"

"ಈಗ ಉತ್ತರ? ಹಡಗು ಹೋಯ್ತಲ್ಲ."

ನಾನು ಫೋನ್ ತೆಗೆದೆ. ಹಂದಿಯ ಕಡೆ ಹಿಡಿದು ಸ್ವಲ್ಪ ಹೊತ್ತು ಚಿತ್ರ ತೆಗೆದೆ. ಆಮೇಲೆ ಫೋನನ್ನು ನನ್ನ ಮುಖದ ಕಡೆ ತಿರುಗಿಸಿದೆ. ಕಳಿಸಲು ನೆಟ್ ಇರಲಿಲ್ಲ. ಫೋನನ್ನೇ ಅವನ ಕೈಯಲ್ಲಿಟ್ಟೆ.

ಅವನ ಕಿವಿಗಳು ಬೂದಿಯಡಿಯಲ್ಲೂ ಕೆಂಪಾದವು.

ಆಗ ಎರಡನೆಯ ಸದ್ದು ಬಂತು. ಮಂಗಳವಾರದ್ದಕ್ಕಿಂತ ದೊಡ್ಡದು. ಸ್ವಲ್ಪ ಹೊತ್ತಿಗೆ ಕಟ್ಟೆಯ ಕಂಬಗಳ ಸುತ್ತ ನೀರು ಸದ್ದಿಲ್ಲದೆ ಇಳಿಯತೊಡಗಿತು. ಎಂದೂ ಬಿಸಿಲು ಕಾಣದ ಹಸಿರು ಪಾಚಿ ಹೊರಗೆ ಬಂತು. ಹವೇಯಾ ತಿರುಗದೆಯೇ ಕೂಗಿದ.

"ಗುಡ್ಡಕ್ಕೆ! ಅಕ್ಕನ್ನ ಕರ್ಕೊಂಡು ನಡಿ, ಭಾವ!"

ಭಾವ ಎಂದ. ನಾವಿಬ್ಬರೂ ಅದನ್ನು ಕೇಳಿದೆವು, ಆದರೆ ನಿಂತು ಸಂತೋಷಪಡಲು ಸಮಯವಿರಲಿಲ್ಲ.

ಊರೆಲ್ಲ ತಲಾವು ಗುಡ್ಡದ ಮೇಲಿತ್ತು. ಕೆಳಗೆ ನೀರು ಹಿಂದೆ ಸರಿದಿತ್ತು, ಅಲೆಯಾಗಿ ಇನ್ನೂ ಮರಳಿರಲಿಲ್ಲ. ಹವೇಯಾ ನಮ್ಮಿಂದ ಸ್ವಲ್ಪ ದೂರದಲ್ಲಿ ಬೆನ್ನು ಮಾಡಿ ಕೂತಿದ್ದ. ಅವನ ಅಂಗೈಯ ರಕ್ತ ಇನ್ನೂ ನಿಂತಿರಲಿಲ್ಲ.

ನಾನು ಮಾರ್ಕೆಟ್ಟಿನಲ್ಲಿ ಕೊಟ್ಟ ಛತ್ರಿಯ ಬಟ್ಟೆ ಹರಿದು ಸಾತೆಕಿಯ ಕೈಗೆ ಕೊಟ್ಟೆ. ಅವನು ಹೋಗಿ ಹವೇಯಾನ ಅಂಗೈಗೆ ಕಟ್ಟಿ ಬಂದ. ಆಮೇಲೆ ನಾನು ಸಾತೆಕಿಯಿಂದ ಫೋನ್ ತೆಗೆದುಕೊಂಡು, ಕಲೊಲೈನೆ ಕೊಟ್ಟ ವಿಡಿಯೋ ಹಾಕಿ, ಸದ್ದು ಜೋರು ಮಾಡಿ ನೆಲದ ಮೇಲಿಟ್ಟೆ. ಹಂದಿಯ ಗುಟುರು, ಆಮೇಲೆ ಅದರ ಕಿರುಚಾಟ, ಸಾತೆಕಿಯ ನಗು. ಹವೇಯಾ ತಿರುಗಲಿಲ್ಲ. ಆದರೆ ಅವನ ಬೆನ್ನು ಕುಲುಕಿತು. ನನ್ನ ತಮ್ಮ ನಗುತ್ತಿದ್ದ. ಅರವತ್ತು ವರ್ಷದಲ್ಲಿ ಮೊದಲ ಸಲ ಅಕ್ಕ ತಮ್ಮ ಒಂದೇ ವಿಡಿಯೋಗೆ ಒಟ್ಟಿಗೆ ನಕ್ಕೆವು.

ನಲವತ್ತೊಂದನೆಯ ಸೆಕೆಂಡಿಗೆ ಸರಿಯಾಗಿ ಅವನು ಎದ್ದ. ಚಾಪೆ ಸರಿಮಾಡಿಕೊಂಡು, ಏನೂ ಕೇಳಿಸದಷ್ಟು ದೂರ ನಡೆದು ನಿಂತು, ನಮಗಾಗಿ ಸಮುದ್ರವನ್ನು ಕಾಯತೊಡಗಿದ.