ಇಬ್ಬರಿಗೆ ಒಂದೇ ತಟ್ಟೆ

"ಯೇ ಸಬ್ ಲೇಕೇ ಚಲೋಗೀ ಆಪ್?"

ನಾಗಪುರದ ಸೆಮಿನರಿ ಹಿಲ್ಸ್‌ನ ಮರದಡಿ ಹಾಸಿದ್ದ ಟಾರ್ಪಾಲಿನ ಮೇಲೆ ನಮ್ರತಾಳ ಬ್ಯಾಗಿನ ಹೊಟ್ಟೆಯೊಳಗಿದ್ದದ್ದೆಲ್ಲ ಹೊರಗೆ ಬಿದ್ದಿತ್ತು. ಎರಡು ಟವೆಲ್, ದಪ್ಪ ಜೀನ್ಸ್, ಕೊಬ್ಬರಿ ಎಣ್ಣೆಯ ದೊಡ್ಡ ಬಾಟಲಿ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯ ಸ್ಟೀಲ್ ಡಬ್ಬಿ... ಹತ್ತು ಜನರೆದುರು ತನ್ನ ಸಂಸಾರವನ್ನೇ ಬಯಲಿಗಿಟ್ಟಂತಾಗಿ ಅವಳ ಮುಖ ಕೆಂಪಾಯಿತು.

ಇದನ್ನೆಲ್ಲ ಹೊತ್ತು ನಡೆಯುತ್ತೀರಾ ಎಂದು ಹಿಂದಿಯಲ್ಲಿ ಕೇಳಿ ಎದುರಿಗೆ ಮೊಣಕಾಲೂರಿ ಕೂತವನು ಶ್ರೀಪಾದ. ಪರಿಸರ ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿ. ವಾರದ ದಿನಗಳಲ್ಲಿ ಕೆರೆ ನೀರಿನ ಪರೀಕ್ಷೆ, ಭಾನುವಾರ ಈ ಚಾರಣ ತಂಡದ 'ತೂಕದ ಮೇಷ್ಟ್ರು'. ಕೈಯಲ್ಲೊಂದು ಪುಟ್ಟ ತಕ್ಕಡಿ, ಮುಖದಲ್ಲಿ ನಗುವೆಂಬುದರ ಸುಳಿವೇ ಇಲ್ಲ!

ತಂಡದ ಪದ್ಧತಿಯೇ ಹಾಗಿತ್ತು. ನಾಗಪುರದಿಂದ ಸಾತ್ಪುಡಾ ಕಾಡು ಹಾದು ಪಚಮಢಿ ಗಿರಿಧಾಮದವರೆಗೆ ನಡೆಯುವವರು ಮೊದಲು ಅವನೆದುರು ಬ್ಯಾಗು ಬಿಚ್ಚಬೇಕು. ಅವನು ತೆಗೆದಿಟ್ಟದ್ದು ಮನೆಗೆ ವಾಪಸ್. ಎದುರು ಮಾತಿಲ್ಲ.

'ಕಸ್ಟಮ್ಸ್ ಆಫೀಸರ್ ಇವನು!' ಎಂದು ನಮ್ರತಾ ಒಳಗೊಳಗೇ ಹಲ್ಲು ಕಡಿದಳು.

ಟವೆಲ್ ಹೋಯಿತು. ಜೀನ್ಸ್ ಹೋಯಿತು. ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ಅವಳ ಕಣ್ಣೆದುರೇ ಅರ್ಧಕ್ಕೆ ಮುರಿದ. ಕೊನೆಗೆ ಅವನ ಕೈಗೆ ಸಿಕ್ಕಿದ್ದು ಅವಳ ಸ್ಟೀಲ್ ತಟ್ಟೆ. ಅದನ್ನು ತೂಗಿದ. ತಕ್ಕಡಿ ನೋಡಿದ, ಅವಳ ಮುಖ ನೋಡಿದ, ಮತ್ತೆ ತಕ್ಕಡಿ ನೋಡಿದ.

ಆಮೇಲೆ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಅಚ್ಚ ಕನ್ನಡದಲ್ಲಿ...

"ತಟ್ಟೆ ಒಂದೇ ಸಾಕಲ್ವಾ, ಇಬ್ರಿಗೂ?"

ನಮ್ರತಾ ತಟ್ಟನೆ ತಲೆ ಎತ್ತಿದಳು!

"ನೀವು... ಕನ್ನಡದವ್ರೇನ್ರಿ?"

"ಮೈಸೂರು. ನೀವು ಫೋನಲ್ಲಿ ಅಮ್ಮನ ಹತ್ರ ಜಗಳ ಆಡ್ತಿದ್ದದ್ದು ಕೇಳಿಸ್ತು."

ಅಷ್ಟು ಹೇಳಿ ಅವನು ತಟ್ಟೆಯನ್ನು ವಾಪಸ್ಸಿನ ರಾಶಿಗೆ ಸೇರಿಸಿದ. ಅವಳು ಬೇಡ ಎನ್ನಲಿಲ್ಲ. ಯಾಕೆ ಎನ್ನಲಿಲ್ಲ? ಅದು ಅವಳಿಗೂ ಗೊತ್ತಿಲ್ಲ.

ಇಬ್ಬಿಬ್ಬರಿಗೆ ಒಂದು ಒಲೆ, ಒಂದು ಪಾತ್ರೆ ಎಂಬುದು ತಂಡದ ಕ್ರಮ. ಮಲಗುವುದಕ್ಕೆ ಹೆಂಗಸರ ಟೆಂಟ್ ಬೇರೆ, ಗಂಡಸರದು ಬೇರೆ, ಆದರೆ ಅಡುಗೆ ಮಾತ್ರ ಜೋಡಿಯಲ್ಲಿ. ನಡಿಗೆಯ ವೇಗ ನೋಡಿ ಜೋಡಿ ಮಾಡುವವರು ತಂಡದ ಹಿರಿಯ ಮಧುಸೂದನ, ಆರ್ಡ್ನೆನ್ಸ್ ಫ್ಯಾಕ್ಟರಿಯಿಂದ ನಿವೃತ್ತರಾದ ಕನ್ನಡಿಗ ಫೋರ್‌ಮನ್. ಅವರು ನಮ್ರತಾಳನ್ನು ಶ್ರೀಪಾದನ ಜೋಡಿಗೆ ಹಾಕಿದ್ದು ಅದೇ ಬೆಳಗ್ಗೆ. ಒಲೆ ಒಂದು, ಸರಿ. ಪಾತ್ರೆ ಒಂದು, ಅದೂ ಸರಿ. ಆದರೆ ತಟ್ಟೆ?

ಅಂದು ಸಂಜೆ ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವ್ವ ಲಕ್ಷ್ಮವ್ವ ಸೌತೆಕಾಯಿ ಹೆಚ್ಚುತ್ತ ಮಗಳ ಮಾತು ಕೇಳಿದಳು. ಗಂಡನಿಗೆ ಹುಬ್ಬಳ್ಳಿಯಿಂದ ವರ್ಗವಾಗಿ ಇಲ್ಲಿ ಬೇರುಬಿಟ್ಟು ಎಷ್ಟೋ ವರ್ಷವಾದರೂ ಆಕೆಯ ಮಾತು ಹುಬ್ಬಳ್ಳಿ ದಾಟಿರಲಿಲ್ಲ.

"ಒಂದ ತಾಟಿನ್ಯಾಗ ಉಣ್ಣಾಕ ಅಂವ ನಿನಗ ಯಾರಬೇ?"

"ಯಾರೂ ಅಲ್ಲವ್ವಾ. ವಜನ್ ಕಮ್ಮಿ ಆಗತೈತಿ, ಅಷ್ಟ."

"ಎಂಜಲಾ ತಿನ್ನೂದು ಲಗ್ನದಾಗ, ಭೂಮದ ಊಟಕ್ಕ. ವಜನ್ ಕಮ್ಮಿ ಮಾಡಾಕಲ್ಲ!"

ನಮ್ರತಾ ನಕ್ಕುಬಿಟ್ಟಳು. ಆದರೆ ಮದುಮಕ್ಕಳು ಒಂದೇ ತಟ್ಟೆಯಲ್ಲಿ ಉಣ್ಣುವ ಆ ಭೂಮದ ಊಟ ಕಣ್ಣ ಮುಂದಿನಿಂದ ಸರಿಯಲೇ ಇಲ್ಲ. ಅವನೂ ಕನ್ನಡದವನೇ. ಅವನ ಮನೆಯಲ್ಲೂ ಎಂಜಲೆಂದರೆ ಎಂಜಲೇ ಅಲ್ಲವೇ? ಗೊತ್ತಿದ್ದೂ ಹೇಳಿದನೇ? ಇಲ್ಲ... ತಲೆಯ ತುಂಬ ಬರೀ ಗ್ರಾಮುಗಳೇ ತುಂಬಿರುವ ಮನುಷ್ಯನೇ?

ಪ್ರತಿ ಜೋಡಿಯೂ ತಮಗೆ ಬಿಡುವಾದಾಗ ಭಾರ ಹೊತ್ತು ನಡೆದು ರೂಢಿ ಮಾಡಿಕೊಳ್ಳಬೇಕಿತ್ತು. ಶನಿವಾರ ಇಬ್ಬರೂ ಅಂಬಾಝರಿ ಕೆರೆಯ ಆಚೆ ಬಹುದೂರ ನಡೆದರು. ಮಧ್ಯಾಹ್ನ ಶ್ರೀಪಾದ ಖಿಚಡಿ ಬೇಯಿಸಿದ. ತನ್ನ ತೆಳ್ಳಗಿನ ತಟ್ಟೆಗೆ ಸುರಿದು, ಚಮಚದಿಂದ ನಟ್ಟನಡುವೆ ಒಂದು ಗೆರೆ ಎಳೆದ.

"ಆ ಕಡೆ ನಿಮ್ದು. ಈ ಕಡೆ ನಂದು."

ಅವನು ತನ್ನ ಗಡಿ ದಾಟದೆ, ತಲೆ ಎತ್ತದೆ ಉಂಡ. ಕಿವಿ ಮಾತ್ರ ಕೆಂಪಾಗಿದ್ದವು.

'ಪ್ರೀತಿ ಇದ್ದವರು ಗೆರೆ ಎಳೀತಾರೇನು? ಪ್ರೀತಿ ಇಲ್ಲದವರಿಗೆ ಕಿವಿ ಕೆಂಪಾಗತಾವೇನು?'

ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎನ್ನುತ್ತಾರಲ್ಲ, ಹಾಗಾಯಿತು ಹುಡುಗಿಯ ಪಾಡು. ಮತ್ತೊಂದು ಶನಿವಾರ, ಮಗದೊಂದು ಶನಿವಾರ. ಅವಳ ಹೆಗಲಿಗೆ ಪಟ್ಟಿ ಉಜ್ಜದಂತೆ ಅವನು ಬ್ಯಾಗನ್ನು ಸರಿಪಡಿಸಿಕೊಟ್ಟ. ಅವಳ ಬ್ಯಾಗಿನಿಂದ ಇನ್ನೂ ಏನೇನೋ ತೆಗೆಸಿದ. ಚಟ್ನಿಪುಡಿಯನ್ನು ಮಾತ್ರ ಸ್ಟೀಲ್ ಡಬ್ಬಿಯಿಂದ ಪ್ಲಾಸ್ಟಿಕ್ ಚೀಲಕ್ಕೆ ಸುರಿಸಿ ಉಳಿಸಿಕೊಂಡ. ಮನಸ್ಸಿನ ಮಾತೊಂದನ್ನು ಬಿಟ್ಟು ಜಗತ್ತಿನ ಎಲ್ಲದರ ಬಗ್ಗೆಯೂ ಮಾತಾಡಿದ.

ಬ್ಯಾಗು ವಾರ ವಾರಕ್ಕೂ ಹಗುರವಾಗುತ್ತಿತ್ತು. ಮನಸ್ಸು ಮಾತ್ರ ಭಾರವಾಗುತ್ತ ಹೋಯಿತು. ಅವಳಿಗೆ ಅವನು ಬೇಕಾಗಿದ್ದ. ಅದನ್ನು ತನ್ನೊಳಗೇ ಒಪ್ಪಿಕೊಂಡ ದಿನ ಕಚೇರಿಯಲ್ಲಿ ಫೈಲುಗಳನ್ನೆಲ್ಲ ಅದಲು ಬದಲು ಮಾಡಿ ಸಾಹೇಬರಿಂದ ಬೈಸಿಕೊಂಡಳು.

ಹೊರಡುವ ಮೊದಲಿನ ಕೊನೆಯ ಭಾನುವಾರ ಅವಳು ಸೆಮಿನರಿ ಹಿಲ್ಸಿಗೆ ಸ್ವಲ್ಪ ತಡವಾಗಿ ಬಂದಳು. ಟಾರ್ಪಾಲಿನ ಮುಂದೆ ಹೊಸ ಹುಡುಗಿಯೊಬ್ಬಳು ಕೂತಿದ್ದಳು. ಬೆಂಗಳೂರಿಂದ ಬಂದ ಡಾಕ್ಟರ್, ಹೆಸರು ಲಾಸ್ಯ. ಶ್ರೀಪಾದನ ಕೈಯಲ್ಲಿ ಅವಳ ತಟ್ಟೆ.

"ತಟ್ಟೆ ಒಂದೇ ಸಾಕಲ್ವಾ, ಇಬ್ರಿಗೂ?"

ಅದೇ ಮಾತು! ಅದೇ ಕನ್ನಡ! ಮೇಲೊಂದು ನಗು ಬೇರೆ. ಲಾಸ್ಯ ಕೂಡ ನಕ್ಕಳು.

ನಮ್ರತಾ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. 'ಅಂದ್ರ... ಎಲ್ಲಾರಿಗೂ ಹೇಳೂದ ಇದು? ನಾ ಇಷ್ಟು ದಿನ ಏನೇನೋ ಕಟ್ಟಕೊಂಡು ಕುಂತಿದ್ನಲ್ಲಾ!'

ಒಂದು ನಿಮಿಷ ನಿಂತು ಕೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ಪ್ರೀತಿಸಿದವರಿಗೆ ನಿಂತು ಕೇಳುವ ತಾಳ್ಮೆ ಎಲ್ಲಿಂದ ಬರಬೇಕು? ಅವಳು ನೇರವಾಗಿ ಮಧುಸೂದನರ ಬಳಿ ಹೋದಳು.

"ಸರ್, ನನ್ನ ಜೋಡಿ ಬದಲಿ ಮಾಡ್ರಿ. ಅವರ ಸ್ಪೀಡಿಗೆ ನಂದು ಬರೋಬರ್ ಆಗವಲ್ದು."

"ಶ್ರೀಪಾದ ಏನು ಹೇಳ್ತಾನೆ?"

ಶ್ರೀಪಾದ ಅವಳನ್ನೇ ನೋಡಿದ.

"ಅವ್ರಿಗೆ ಹೇಗೆ ಅನುಕೂಲವೋ ಹಾಗೆ ಮಾಡಿ ಸರ್."

ಅಷ್ಟೇ! ಯಾಕೆ ಎಂದು ಕೂಡ ಕೇಳಲಿಲ್ಲ! ಅಂದು ಮನೆಗೆ ಹೋದ ನಮ್ರತಾ ಸ್ಟೀಲ್ ತಟ್ಟೆಯನ್ನು ಮತ್ತೆ ಬ್ಯಾಗಿಗೆ ತುರುಕಿ, ದಿಂಬಿಗೆ ಮುಖ ಕೊಟ್ಟು ಅತ್ತಳು.

ನಡಿಗೆ ಶುರುವಾಯಿತು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಊರಿನ ಹೊಗೆ ಹಿಂದೆ ಬಿದ್ದು ಕಿತ್ತಳೆ ತೋಟಗಳು ಕಾಣಿಸಿಕೊಂಡವು. ನೆರಳಿದ್ದಲ್ಲಿ ಎಲ್ಲರೂ ಜೋಡಿ ಜೋಡಿಯಾಗಿ ಒಲೆ ಹಚ್ಚಿದರು. ನಮ್ರತಾಳ ಹೊಸ ಜೋಡಿ ಹಂಸಾ ಟೀಚರ್, ಧಾರವಾಡದ ಕಡೆಯ ಗಟ್ಟಿಗಿತ್ತಿ. ಶ್ರೀಪಾದ ಮಧುಸೂದನರ ಜೊತೆ ದೂರದಲ್ಲಿ ಕೂತಿದ್ದ.

ಹಂಸಾ ಟೀಚರ್ ಬ್ಯಾಗಿನಿಂದ ತಮ್ಮ ತಟ್ಟೆ ಹೊರಗೆ ತೆಗೆದರು. ನಮ್ರತಾ ಹುಬ್ಬು ಏರಿಸಿದಳು.

"ನಿಮ್ಮ ತಾಟು ವಾಪಸ್ ಕಳಸಲಿಲ್ಲೇನ್ರಿ ಅವರು? ಜೋಡಿಗೆ ಒಂದ ತಾಟು ಅಂತ ರೂಲ್ ಐತೆಲ್ಲಾ?"

"ಯಾವ ರೂಲ್? ನನ್ನ ಸ್ವೆಟರ್ ತಗದಾ, ಛತ್ರಿ ತಗದಾ, ಪುಸ್ತಕಾನೂ ಬಿಡಲಿಲ್ಲ ಪುಣ್ಯಾತ್ಮ. ತಾಟಿಗೆ ಮಾತ್ರ ಕೈ ಹಚ್ಚಲಿಲ್ಲ. 'ಎಂಜಲಿನ ವಿಷಯ, ಅದು ಅವರವರದು' ಅಂದ."

"ಮತ್ತ... ಲಾಸ್ಯಗ ಅಂದನಲ್ರೀ, ಒಂದ ಸಾಕು ಅಂತ?"

"ಅಯ್ಯ! ಆಕಿ ಜೋಡಿ ಆಕಿ ಗಂಡನ ಅಲ್ಲೇನು? ಮೊನ್ನೆ ಮೊನ್ನೆ ಲಗ್ನ ಆಗೇತಿ. ಅವರಿಗೆ ಎರಡ ತಾಟು ಯಾಕ ಬೇಕ?"

ನಮ್ರತಾ ತಿರುಗಿ ನೋಡಿದಳು. ಕಿತ್ತಳೆ ಗಿಡದ ಕೆಳಗೆ ಲಾಸ್ಯ ಮತ್ತು ಅವಳ ಗಂಡ ಋತ್ವಿಕ್ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಉಳಿದ ಪ್ರತಿ ಒಲೆಯ ಮುಂದೆಯೂ ತಟ್ಟೆಗಳು ಎರಡೆರಡಿದ್ದವು.

ಮದುವೆಯಾದ ಆ ಜೋಡಿಗೆ ಹೇಳಿದ್ದನ್ನು ಅವನು ಇನ್ನೊಬ್ಬರಿಗೆ ಮಾತ್ರ ಹೇಳಿದ್ದ. ತನಗೆ!

ಅವಳು ಎದ್ದಳು. ಕೈಯಲ್ಲಿ ತಟ್ಟೆ ಇರುವುದೂ ಮರೆತು ನೇರ ಹೋಗಿ ಶ್ರೀಪಾದನ ಮುಂದೆ ನಿಂತಳು. ಮಧುಸೂದನರು ಒಮ್ಮೆ ಅವಳ ಮುಖ ನೋಡಿ, ಇದ್ದಕ್ಕಿದ್ದಂತೆ ನೀರು ತರುವ ಕೆಲಸ ನೆನಪಾದವರಂತೆ ಬಾಟಲಿ ಹಿಡಿದು ನಡೆದುಬಿಟ್ಟರು.

"ಎಲ್ಲಾರಿಗೂ ಎರಡ ತಾಟು. ನನಗ ಯಾಕ ಒಂದ ಸಾಕು ಅಂದ್ರಿ?"

ಶ್ರೀಪಾದ ತಡವರಿಸಿದ. "ಅದು... ಸ್ಟೀಲು... ತೂಕ ಜಾಸ್ತಿ..."

"ಹಂಸಾ ಟೀಚರದೂ ಸ್ಟೀಲ ಐತಿ. ಸುಳ್ಳ ಹೇಳಬ್ಯಾಡ್ರಿ!"

ಅವನು ತಲೆ ತಗ್ಗಿಸಿದ.

"ನಮ್ಮನೇಲಿ ಎಂಜಲು ಮುಟ್ಟಿದ್ರೆ ಅಜ್ಜಿ ಸ್ನಾನಕ್ಕೆ ಕಳಿಸ್ತಿದ್ರು. ಹಾಸ್ಟೆಲಲ್ಲೂ ನಾನು ಇನ್ನೊಬ್ರ ಬಾಟಲಿಗೆ ಬಾಯಿ ಇಟ್ಟವನಲ್ಲ. ಅವತ್ತು ನೀವು ಫೋನಲ್ಲಿ ಅಮ್ಮನ ಹತ್ರ ಜಗಳ ಆಡ್ತಾ ಆಡ್ತಾ ನಕ್ಕುಬಿಟ್ರಲ್ಲ... ಈ ಊರಿಗೆ ಬಂದ ಮೇಲೆ ನನಗೆ ಯಾವತ್ತೂ ಹಾಗೆ ಆಗಿರಲಿಲ್ಲ. ತಟ್ಟೆ ಕೈಗೆ ಸಿಕ್ತು. ಬಾಯಿಂದ ಮಾತು ಬಂದ್ಬಿಡ್ತು."

"ಆಮ್ಯಾಲೆ ಯಾಕ ಹೇಳಲಿಲ್ಲ?"

"ನೀವು ಬೈದ್ರೆ ತೂಕದ ನೆಪ ಹೇಳೋಣ ಅಂದ್ಕೊಂಡಿದ್ದೆ. ನೀವು ಬೈಯ್ಲಿಲ್ಲ. ಸುಮ್ನೆ ಒಪ್ಕೊಂಡ್ರಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿದ ಜಾಣ ಈಗ ಮಣ್ಣಿನಲ್ಲಿ ಬೆರಳಾಡಿಸುತ್ತ ಕೂತಿದ್ದ.

"ಆಮೇಲೆ ನನಗೇ ಗೊಂದಲ ಆಯ್ತು ನಮ್ರತಾ. ನೀವು ಒಪ್ಪಿದ್ದು ನನಗೋ, ತೂಕ ಕಮ್ಮಿ ಆಗೋದಕ್ಕೋ ಅಂತ. ಹೆದರಿ ಗೆರೆ ಎಳೆದೆ. ಜೋಡಿ ಬದಲಿಸಿ ಅಂದ್ರಲ್ಲ, ಆಗ ಅಂದ್ಕೊಂಡೆ, ಬರೀ ತೂಕಕ್ಕೇ ಇರ್ಬೇಕು ಅಂತ."

ನಮ್ರತಾಳ ಕಣ್ಣು ತುಂಬಿ ಬಂದವು. ಇಷ್ಟು ವಾರ ಇವಳು ಒದ್ದಾಡಿದ ಪ್ರಶ್ನೆಯನ್ನೇ ಹಿಡಿದುಕೊಂಡು ಅವನೂ ನಿದ್ದೆಗೆಟ್ಟಿದ್ದನೇ! ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು. ಆಮೇಲೆ ಅವನ ಪಕ್ಕದಲ್ಲಿ ನೆಲಕ್ಕೆ ಕೂತು, ಅವನ ತಟ್ಟೆಯನ್ನು ತನ್ನತ್ತ ಎಳೆದುಕೊಂಡು, ಅವನು ಅರ್ಧ ತಿಂದು ಉಳಿಸಿದ್ದ ಖಿಚಡಿಯಿಂದ ಒಂದು ತುತ್ತು ಬಾಯಿಗಿಟ್ಟಳು.

ಶ್ರೀಪಾದ ಕಣ್ಣರಳಿಸಿ ನೋಡಿದ.

"ಹಾಗಾದ್ರೆ... ಇದರ ಅರ್ಥ..."

"ಇನ್ನೂ ತಿಳೀಲಿಲ್ಲೇನ್ರಿ?"

"ಇಲ್ಲ. ಊಹೆ ಮಾಡಿ ಮಾಡಿ ಸಾಕಾಗಿದೆ. ದಯವಿಟ್ಟು ಬಾಯಿಬಿಟ್ಟು ಹೇಳಿ."

ಅವಳು ತುತ್ತು ನುಂಗಿ, ಕಣ್ಣೊರೆಸಿಕೊಂಡು, ಅವನನ್ನೇ ನೇರವಾಗಿ ನೋಡಿದಳು.

"ಒಪ್ಪೇನಿ. ನಿಮಗ ಒಪ್ಪೇನಿ, ತೂಕಕ್ಕಲ್ಲ."