ಎಲ್ ಬೋರ್ಡಿನ ರವಿವಾರಗಳು

ಮಾರ್ತಾಂಡನ ಹತ್ತಿರ ಲೈಸೆನ್ಸ್ ಇತ್ತು, ಕಾರು ಓಡಿಸಲು ಬರುತ್ತಿರಲಿಲ್ಲ. ನರ್ಮದೆಗೆ ಕಾರು ಓಡಿಸಲು ಬರುತ್ತಿತ್ತು, ಲೈಸೆನ್ಸ್ ಇರಲಿಲ್ಲ. ಎಪ್ಪತ್ತೇಳನೆಯ ಇಸವಿಯ ಚಳಿಗಾಲದಲ್ಲಿ ಅವರಿಬ್ಬರನ್ನೂ ಒಂದೇ ಸೀಟಿನ ಮೇಲೆ ತಂದು ಕೂಡಿಸಿದ್ದು ಇಷ್ಟೇ.

ಅವಳನ್ನು ಅವನು ಮೊದಲು ಕಂಡದ್ದು ಗದಗಿನ ಬೆಟಗೇರಿಯಲ್ಲಿ, ಅಲ್ಲಾಸಾಬನ ಗ್ಯಾರೇಜಿನ ಮುಂದೆ. ಹೈಸ್ಕೂಲಿನಲ್ಲಿ ಕ್ಲಾರ್ಕ್ ಆಗಿದ್ದ ಮಾರ್ತಾಂಡ ಕೆಲಸ ಮುಗಿಸಿ ಸೈಕಲ್ ಮೇಲೆ ಮನೆಗೆ ಹೊರಟಿದ್ದ. ಮಹಾರಾಷ್ಟ್ರದ ನಂಬರಿನ ಬೂದುಬಣ್ಣದ ಫಿಯಾಟ್ ಓಣಿಗೆ ಅಡ್ಡ ನಿಂತಿತ್ತು. ಸೆರಗು ಸೊಂಟಕ್ಕೆ ಸಿಗಿಸಿಕೊಂಡ ಒಬ್ಬಳು ಅದರ ಗಾಲಿಯ ಹತ್ತಿರ ಕೂತು ಏನೋ ನೋಡುತ್ತಿದ್ದಳು.

"ಡ್ರೈವರ್ ಎಲ್ಲಿದ್ದಾನ್ರಿ? ಗಾಡಿ ಜರಾ ಸರಸಲಿಕ್ಕೆ ಹೇಳ್ರಿ," ಎಂದ.

ಅವಳು ಎದ್ದು ನಿಂತಳು. ಕೈ ಒರೆಸಿಕೊಂಡು ಕಾರಿನ ಆ ಕಡೆ ನೋಡಿದಳು, ಈ ಕಡೆ ನೋಡಿದಳು. "ಇಲ್ಲೇ ಇದ್ದಾನ್ರಿ. ಸ್ವಲ್ಪ ಸಿಟ್ಟಿನ ಮನಷ್ಯಾ. ಹೇಳಿ ನೋಡತೀನಿ."

ಹಾಗೆಂದು ತಾನೇ ಒಳಗೆ ಕೂತಳು. ಇಂಜಿನ್ ಗುಡುಗಿತು. ಕಾರು ಹಿಂದೆ ಸರಿದು, ಒಂದೇ ತಿರುವಿನಲ್ಲಿ ಗ್ಯಾರೇಜಿನ ಗೋಡೆಗೆ ಒತ್ತಿ ನಿಂತಿತು. ಕಿಟಕಿಯಿಂದ ಅವಳ ಮುಖ ಹೊರಗೆ ಬಂತು.

"ಡ್ರೈವರ್ ಸರಸಿದ. ಹೋಗ್ರಿ ಇನ್ನ."

ಒಳಗಿದ್ದ ಅಲ್ಲಾಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾರ್ತಾಂಡ ನಾಚಿ ಸೈಕಲ್ ತುಳಿದ. ಆದರೆ ಆ ಮುಖ ಮನೆಯವರೆಗೂ ಅವನ ಜೊತೆಗೇ ಬಂತು.

ನರ್ಮದೆ ಸಾಂಗ್ಲಿಯವಳು. ತಾಯಿ ಅಥಣಿಯವಳಾಗಿದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ತಾಯಿ ತೀರಿಕೊಂಡ ಮೇಲೆ ತಂದೆ ವಾಮನರಾಯರು ಡೀಸೆಲ್ ಪಂಪುಗಳ ಏಜೆನ್ಸಿ ಹಿಡಿದು ಮಗಳ ಜೊತೆ ಗದಗಿಗೆ ಬಂದಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಹಳ್ಳಿಹಳ್ಳಿಗೆ ಹೋಗಿ ರೈತರನ್ನು ಕಾಣಬೇಕೆಂದರೆ ಮಗಳೇ ಕಾರು ಓಡಿಸಬೇಕು. ಸಾಂಗ್ಲಿಯಲ್ಲಿ ಅವಳಿಗೆ ಲೈಸೆನ್ಸ್ ಇತ್ತು. ತಾಯಿಯ ಕಾಯಿಲೆ, ಸಾವು, ಊರು ಬಿಡುವ ಗಡಿಬಿಡಿಗಳಲ್ಲಿ ಅದರ ಮುದ್ದತು ಮುಗಿದುಹೋಗಿತ್ತು. ಇಲ್ಲಿನ ಇನ್‌ಸ್ಪೆಕ್ಟರು, ಹೊಸ ರಾಜ್ಯ, ಹೊಸ ವಿಳಾಸ, ಪರೀಕ್ಷೆಯನ್ನೂ ಹೊಸದಾಗಿ ಕೊಡಬೇಕು ಎಂದರು. ಅಲ್ಲಿಯವರೆಗೆ ಕಾರಿಗೆ ಎಲ್ ಬೋರ್ಡು, ಪಕ್ಕದಲ್ಲಿ ಲೈಸೆನ್ಸ್ ಇದ್ದ ಒಬ್ಬರು.

"ನನಗ ರವಿವಾರ ಲಾರಿ ಕೆಲಸ ಭಾಳ ಇರತೈತ್ರಿ ಬಾಯಾರ, ಬರಾಕ ಆಗಂಗಿಲ್ಲ," ಎಂದ ಅಲ್ಲಾಸಾಬ. "ನಮ್ಮ ಸಾಲಿ ಕ್ಲಾರ್ಕ ಮಾರ್ತಾಂಡರಾಯರು ಅದಾರಲ್ರಿ, ಅವರ ಹಂತ್ಯಾಕ ಲೈಸನ್ ಐತಿ. ರವಿವಾರ ಖಾಲಿನ ಇರತಾರ."

ಮಾರ್ತಾಂಡನಿಗೆ ಲೈಸೆನ್ಸ್ ಬಂದದ್ದು ಹುಬ್ಬಳ್ಳಿಯ ಕಾಕಾನ ಹತ್ತಿರ ಕಾರು ಇದ್ದಾಗ. ಪರೀಕ್ಷೆಯ ದಿನ ಅದು ಹೇಗೋ ನೆಟ್ಟಗೆ ಹೋಗಿತ್ತು. ಮರುವರ್ಷ ಕಾಕಾ ಕಾರು ಮಾರಿದ. ಆಮೇಲೆ ಇವನು ಸ್ಟೀರಿಂಗ್ ಮುಟ್ಟಿದ್ದೇ ಇಲ್ಲ. ಇದನ್ನು ನರ್ಮದೆಗೆ ಹೇಳಬೇಕಾಗಿತ್ತು. ಹೇಳಲಿಲ್ಲ.

ಮೊದಲ ರವಿವಾರ ಮುಂಡರಗಿಯ ದಾರಿ. ಹಿಂದಿನ ಸೀಟಿನಲ್ಲಿ ವಾಮನರಾಯರಿಗೆ ಜೊಂಪು ಹತ್ತಿತ್ತು. ಡಂಬಳ ದಾಟಿದ ಮೇಲೆ ಒಂದು ಏರು ಬಂತು.

"ಈ ಏರಿಗೆ ಯಾವ ಗೇರ್ ಹಾಕಲ್ರಿ?" ಎಂದು ನರ್ಮದೆ ವಿನಯದಿಂದ ಕೇಳಿದಳು.

"ಈಗ ಯಾವದದ, ಅದೇ ಇರಲಿ."

"ಈಗ ಯಾವದದ?"

ಮಾರ್ತಾಂಡ ಕಿಟಕಿಯಾಚೆ ಕಪ್ಪತಗುಡ್ಡವನ್ನು ಬಹಳ ಲಕ್ಷ್ಯಗೊಟ್ಟು ನೋಡಿದ.

ಅವಳು ಕಾರನ್ನು ಬದಿಗೆ ನಿಲ್ಲಿಸಿದಳು. ಹಣೆಯನ್ನು ಸ್ಟೀರಿಂಗಿಗೆ ಆನಿಸಿ, ಭುಜ ಕುಣಿಯುವಂತೆ ನಕ್ಕಳು. "ಅಯ್ಯ ದೇವರ! ನಿಮಗ ಬರೂದೇ ಇಲ್ಲ!"

"ಸಣ್ಣಗ ಮಾತಾಡ್ರಿ. ನಿಮ್ಮ ಬಾಬಾ ಎದ್ದಾರು."

"ಎಂಥಾ ಗುರುಗಳನ್ನ ಕೂಡಿಸ್ಯದರಿ ಸರಕಾರ ನನ್ನ ಬಾಜೂಕ!"

ನಗುವಾಗ ಅವಳ ಕಣ್ಣಂಚಿನಲ್ಲಿ ನೀರು ಬಂದಿತ್ತು. ಅದನ್ನು ಮುಂಗೈಯಿಂದ ಒರೆಸಿಕೊಂಡು ಅವನ ಕಡೆ ತಿರುಗಿದ ಆ ನೋಟದಲ್ಲಿ ತಾತ್ಸಾರದ ಸುಳಿವೂ ಇರಲಿಲ್ಲ. ಒಂದು ಗುಟ್ಟು ಇಬ್ಬರಿಗೂ ಸೇರಿತ್ತು, ಅಷ್ಟೇ. ಮಾರ್ತಾಂಡ ಅವತ್ತೇ ಸೋತುಹೋದ.

ಆಮೇಲೆ ರವಿವಾರಗಳು ಬಂದವು. ಲಕ್ಷ್ಮೇಶ್ವರದ ಸಂತೆಪೇಟೆ, ಅಡರಕಟ್ಟಿಯ ಹೊಲಗಳು, ಸೊರಟೂರಿನ ಬಾವಿಗಳು. ವಾಮನರಾಯರು ರೈತರ ಜೊತೆ ಪಂಪಿನ ಮಾತಿಗೆ ಕೂತರೆ ಇವರಿಬ್ಬರೂ ಬೇವಿನ ನೆರಳಿನಲ್ಲಿ, ಬಾಗಿಲು ತೆರೆದ ಕಾರಿನಲ್ಲಿ, ಪರೀಕ್ಷೆಯ ತಯಾರಿ ನಡೆಸುವರು. ಮಾರ್ತಾಂಡ ಇನ್‌ಸ್ಪೆಕ್ಟರು.

"ಬಲಕ್ಕ ಹೊಳ್ಳೂದಿದ್ರ?"

ಕಿಟಕಿಯಿಂದ ಅವಳ ತೋಳು ನೆಟ್ಟಗೆ ಹೊರಚಾಚುವುದು. ಹಸಿರು ಬಳೆಗಳು ಒಂದರ ಹಿಂದೊಂದು ಮೊಳಕೈಯತ್ತ ಜಾರುವವು.

"ಎಡಕ್ಕ?"

ಆ ತೋಳು ಗಾಳಿಯಲ್ಲಿ ನಿಧಾನವಾಗಿ ಒಂದು ಸುತ್ತು ಬರೆಯುವುದು. ಬಿಸಿಲು ಬಳೆಗಳಿಗೆ ತಾಗಿ, ಅವಳ ಕೆನ್ನೆಯ ಮೇಲೆ ಹಸಿರು ಬೆಳಕಿನ ಚುಕ್ಕೆಗಳು ಓಡಾಡುವವು.

"ಬರೋಬರಿ ಆತೇನ್ರಿ?"

"ಮತ್ತೊಮ್ಮೆ ತೋರಸ್ರಿ."

"ಯಾಕ? ನೋಡ್ಲಿಲ್ಲೇನು?"

"ನೋಡಿದೆ. ಅದಕ್ಕೇ."

ನರ್ಮದೆ ತಟ್ಟನೆ ಆ ಕಡೆ ಮುಖ ತಿರುಗಿಸಿದಳು. ಕಿವಿಯ ಹಿಂದಿನ ಕೂದಲು ಸರಿಮಾಡಿಕೊಂಡಳು. ಸರಿಯಾಗಿಯೇ ಇದ್ದ ಕೂದಲು ಅದು.

ಪರೀಕ್ಷೆ ಹತ್ತಿರ ಬಂತು. ಶಿರಹಟ್ಟಿಯಿಂದ ಮರಳುವಾಗ, ಹೊತ್ತು ಇಳಿದು ಎರೆಹೊಲಗಳ ಮೇಲೆ ಕೆಂಪು ಹಬ್ಬಿದ್ದಾಗ, ಅವಳೇ ಮಾತು ತೆಗೆದಳು.

"ಲೈಸೆನ್ಸ್ ಬಂದಮ್ಯಾಲೆ ನೀವು ಇಲ್ಲಿ ಕೂಡಬೇಕಂತ ಕಾಯ್ದೆ ಏನಿಲ್ಲ, ಅಲ್ರಿ?"

"ಇಲ್ಲ."

"ಕಾಯ್ದೆ ಇಲ್ಲಂದ್ರ ಕೂಡಲೇಬಾರದು ಅಂತೇನೂ ಅಲ್ಲಲ್ಲ?"

ಕಾರು ನಿಧಾನವಾಯಿತು. ಅವಳ ಕಣ್ಣು ರಸ್ತೆಯ ಮೇಲೇ ಇತ್ತು, ಆದರೆ ಅವಳ ಇಡೀ ಮುಖ ಕೇಳಿಸಿಕೊಳ್ಳುತ್ತಿತ್ತು. ಮಾರ್ತಾಂಡ ಬಾಯಿ ತೆರೆದ.

"ಮುಂದ ಚಕ್ಕಡಿ ಬರಲಿಕತ್ತದ ನೋಡ್ರಿ," ಎಂದ.

"ಕಾಣಸ್ಲಿಕತ್ತದ್ರಿ," ಎಂದಳು ನರ್ಮದೆ. ಸ್ವಲ್ಪ ಹೊತ್ತಿನ ಮೇಲೆ, "ಬುಧವಾರ ಪರೀಕ್ಷಾಕ್ಕ ಬರತೀರಲ್ಲ? ನೀವು ಬಾಜೂಕ ಇದ್ರ ನನಗ ಧೈರ್ಯ," ಎಂದಳು.

"ಬರದೇ ಏನು? ರಜಾ ಹಾಕೀನಿ."

ಮಂಗಳವಾರ ಸಂಜೆ ಊಟಕ್ಕೆ ಬಡಿಸುತ್ತ ತಾಯಿ ಅಂಬುಬಾಯಿ ಹೇಳಿದಳು. "ನಾಳೆ ಮುಂಡರಗಿಗೆ ಹೋಗೂದದ. ಹುಡುಗಿ ನೋಡಲಿಕ್ಕೆ. ನಿಮ್ಮ ಕಾಕಾ ಮಾತು ಕೊಟ್ಟಾನ."

"ನಾಳೆ ನನಗ ಕೆಲಸ ಅದ ಅವ್ವಾ."

"ಗೊತ್ತದ ಏನು ಕೆಲಸ ಅಂತ. ಆ ಕಾರಿನ ಹುಡುಗಿ ಪರೀಕ್ಷಾ." ಅಂಬುಬಾಯಿಯ ದನಿ ಏರಲಿಲ್ಲ, ನಡುಗಿತು. "ಗುಡಿಯೊಳಗ ಹೆಂಗಸರು ಮುಸಿಮುಸಿ ನಗತಾರ ಮಾರ್ತಾಂಡ. ಅಂಬುಬಾಯಿ ಮಗಾ ಬಾಜೂಕ ಕೂತು ಹೋಗತಾನ, ಹೆಣ್ಣಹುಡುಗಿ ಗಾಡಿ ಹೊಡೀತದ ಅಂತ. ನಿಮ್ಮಪ್ಪ ಜನ್ಮೆಲ್ಲಾ ದೇವರ ಸೇವಾ ಮಾಡಿ ಗಳಿಸಿದ ಮರ್ಯಾದಿ ಇದು."

ಅವನು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಅನ್ನಕ್ಕೆ ಮೊಸರು ಕಲಸುತ್ತ ಕೂತ. ಬೆಳಿಗ್ಗೆ ಎದ್ದು ಗ್ಯಾರೇಜಿಗಾದರೂ ಸುದ್ದಿ ಮುಟ್ಟಿಸಬೇಕು ಅಂದುಕೊಂಡ. ಬೆಳಿಗ್ಗೆ ಹುಬ್ಬಳ್ಳಿಯಿಂದ ಬಂದಿದ್ದ ಕಾಕಾ ಬಾಗಿಲಲ್ಲೇ ನಿಂತಿದ್ದ.

ಮುಂಡರಗಿಯ ಬಸ್ಸು ಅಲ್ಲಾಸಾಬನ ಗ್ಯಾರೇಜಿನ ಮುಂದೆಯೇ ಹಾಯ್ದು ಹೋಗುತ್ತಿತ್ತು. ಮಾರ್ತಾಂಡ ಕಿಟಕಿಯ ಪಕ್ಕ ಕೂತಿದ್ದ. ಫಿಯಾಟ್ ತೊಳೆದು ನಿಲ್ಲಿಸಿತ್ತು. ನರ್ಮದೆ ಇಳಕಲ್ ಸೀರೆ ಉಟ್ಟು, ಮುಂದಿನ ಗಾಜು ಒರೆಸುತ್ತ, ಮತ್ತೆ ಮತ್ತೆ ಅವನ ಮನೆಯ ಓಣಿಯ ಕಡೆ ನೋಡುತ್ತಿದ್ದಳು. ಬಸ್ಸಿನ ಸಪ್ಪಳಕ್ಕೆ ಅವಳು ತಲೆ ಎತ್ತಿದಳು.

ಮಾರ್ತಾಂಡ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದ. ಬಸ್ಸು ಗ್ಯಾರೇಜನ್ನು ದಾಟಿ ಬಹಳ ದೂರ ಹೋದ ಮೇಲೂ ಬಗ್ಗಿಯೇ ಇದ್ದ.

ಮುಂಡರಗಿಯ ಹುಡುಗಿ ಉಪ್ಪಿಟ್ಟು ತಂದಿಟ್ಟದ್ದು ಅವನಿಗೆ ನೆನಪಿದೆ. ಅವಳ ಮುಖ ನೆನಪಿಲ್ಲ. ಮರಳುವಾಗ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ತಾಯಿಗೆ ಹೇಳಿಬಿಟ್ಟ. "ಈ ಸಂಬಂಧ ಬ್ಯಾಡ ಅವ್ವಾ. ನನ್ನ ಮನಸಿನೊಳಗ ನರ್ಮದಾ ಇದ್ದಾಳ."

ಅಂಬುಬಾಯಿ ಸೆರಗಿನ ಅಂಚು ತಿರುವಿದಳು.

"ಇದನ್ನ ನಿನ್ನೆ ಹೇಳಿದ್ರ ನಾ ಏನು ಸಾಯ್ತಿದ್ನೇನೋ?" ಎಂದಳು. "ಬೈತಿದ್ದೆ. ಅಳತಿದ್ದೆ. ಎರಡು ದಿನ ಊಟಾ ಬಿಡತಿದ್ದೆ. ಆಮ್ಯಾಲೆ ಕೇಳತಿದ್ದೆ. ನಾ ನಿಮ್ಮವ್ವ ಹೌದಲ್ಲೋ?"

ಮರುದಿನ ಸಂಜೆ ಅವನು ನರ್ಮದೆಯ ಮನೆಗೆ ಹೋದ. ಅವಳು ಅಂಗಳದಲ್ಲಿ ಕಾರಿನ ಮುಂದೆ ಕೂತು ಎಲ್ ಬೋರ್ಡಿನ ತಂತಿ ಬಿಚ್ಚುತ್ತಿದ್ದಳು.

"ಪಾಸಾದ್ರಂತ," ಎಂದ.

"ಹೌದ್ರಿ. ಮಧ್ಯಾಹ್ನತನಕ ಹಾದಿ ನೋಡಿದೆ. ಕಡೀಕ ಅಲ್ಲಾಸಾಬರು ಲಾರಿ ಕೆಲಸ ಬಿಟ್ಟು ಬಂದು ಕೂತ್ರು."

"ನಾ ನಿನ್ನೆ—"

"ಮುಂಡರಗಿ ಬಸ್ಸಿನೊಳಗ ಇದ್ರಿ." ತಂತಿಯ ಗಂಟು ಬಿಚ್ಚಿತು. "ನಾ ನಿಮ್ಮನ್ನ ನೋಡಿ ಕೈ ಎತ್ತಿದೆ. ನೀವು ಬಗ್ಗಿದ್ರಿ. ಆದ್ರೂ ಇಳದು ಬರತೀರಂತ ಕಾದೆ."

ಮಾರ್ತಾಂಡ ಅವಳ ಎದುರು ನೆಲದ ಮೇಲೆ ಕೂತ. ಎಲ್ಲವನ್ನೂ ಹೇಳಿದ. ಅವಳಿಲ್ಲದೆ ತನಗೆ ಆಗುವುದಿಲ್ಲ ಎಂದ. ತಾಯಿಗೆ ಹೇಳಿದ್ದೇನೆ, ತಾಯಿ ಒಪ್ಪುತ್ತಾಳೆ ಎಂದ. ಮಾತು ಒಂದರ ಮೇಲೊಂದು ಬಂದವು. ಇಷ್ಟು ಸಲೀಸಾಗಿ ಬರುವ ಮಾತುಗಳು ಇಷ್ಟು ದಿನ ಎಲ್ಲಿದ್ದವೋ ಅವನಿಗೇ ತಿಳಿಯಲಿಲ್ಲ.

ನರ್ಮದೆಯ ಕಣ್ಣು ತುಂಬಿದವು. "ಈ ಮಾತು ಕೇಳಬೇಕಂತ ಎಷ್ಟು ರವಿವಾರ ಕಾರು ಸಾವಕಾಶ ಹೊಡದೀನಿ ಗೊತ್ತದೇನು ನಿಮಗ?"

"ಹಂಗಾದ್ರ—"

"ನೀವು ಬರಲಿಲ್ಲ ಅಂತ ಸಿಟ್ಟಿದ್ರ ನಾಕು ಮಾತು ಬಯ್ದು ಬಿಡತಿದ್ದೆ. ಸಿಟ್ಟಲ್ರಿ ಇದು. ಈ ಊರಾಗ ಎಲ್ಲಾರೂ ನನ್ನ ನೋಡಿ ನಗತಾರ. ನಗಲಿ ಬಿಡು, ನನ್ನ ಬಾಜೂಕ ಒಬ್ರು ಇದ್ದಾರಲ್ಲ ಅಂತಿದ್ದೆ. ನಿಮಗೂ ನನ್ನ ನೋಡಿ ನಾಚಿಕಿ ಬಂತು."

"ಒಮ್ಮೆ ತಪ್ಪಿದೆ ನರ್ಮದಾ."

"ಹೌದು, ಒಮ್ಮೆ." ಅವಳು ಕಣ್ಣೊರೆಸಿಕೊಂಡಳು. "ಆ ಒಮ್ಮೆ ಮರೀಬೇಕಂತ ರಾತ್ರಿಯೆಲ್ಲಾ ನೋಡಿದೆ. ಆಗವಲ್ದು."

ಒಂದು ತಿಂಗಳು ಕಳೆದ ಮೇಲೆ ಅಂಬುಬಾಯಿ ತಾನೇ ಅರಿಶಿನ ಕುಂಕುಮ ಹಿಡಿದುಕೊಂಡು ಅವರ ಮನೆಗೆ ಹೋಗಿ ಬಂದಳು. ನರ್ಮದೆ ಕಾಲಿಗೆ ನಮಸ್ಕಾರ ಮಾಡಿ, ಚಹಾ ಕೊಟ್ಟು, ಕುಂಕುಮ ಹಚ್ಚಿಸಿಕೊಂಡು, ಮದುವೆಯ ಮಾತಿಗೆ ಮಾತ್ರ ಬೇಡವೆಂದು ಮೆಲ್ಲಗೆ ತಲೆಯಾಡಿಸಿದಳಂತೆ. "ಛಲೋ ಹುಡುಗಿ," ಎಂದು ಅಂಬುಬಾಯಿ ಹೊಸ್ತಿಲ ಮೇಲೆ ಕೂತು ಅತ್ತಳು. "ಛಲೋ ಹುಡುಗಿನ್ನ ಕಳಕೊಂಡ್ಯೋ."

ನರ್ಮದೆ ಗದಗಿನಲ್ಲೇ ಉಳಿದಳು. ದೂರದಿಂದ ಆ ಕಾರು ಕಂಡಾಗಲೆಲ್ಲ ಮಾರ್ತಾಂಡ ನಿಂತು ನೋಡುವನು. ಅವಳು ಕಂಡರೆ ಒಂದು ಸಣ್ಣ ನಗೆ ನಕ್ಕು ಹೋಗುವಳು. ಆ ನಗೆಯಲ್ಲಿ ಜಗಳ ಇರಲಿಲ್ಲ. ಜಗಳ ಇದ್ದಿದ್ದರೆ ಒಂದಿಷ್ಟು ಆಸೆಯಾದರೂ ಉಳಿಯುತ್ತಿತ್ತು. ಮೂರು ವರ್ಷ ಕಾದು, ಅವನು ನರೇಗಲ್ಲಿನ ವೇಣೂಬಾಯಿಯನ್ನು ಮದುವೆಯಾದ. ಒಳ್ಳೆಯ ಹೆಂಗಸು. ಮಗಳು ಹುಟ್ಟಿದಳು.

ಎಂಬತ್ತಾರನೆಯ ಇಸವಿ. ಲಕ್ಷ್ಮೇಶ್ವರದ ಕಡೆ ಒಂದು ಮುಂಜಿವೆ ಮುಗಿಸಿಕೊಂಡು, ಬಸ್ಸು ತಪ್ಪಿ, ಹೆಂಡತಿ ಮಗಳೊಂದಿಗೆ ಮಾರ್ತಾಂಡ ಅಡರಕಟ್ಟಿಯ ಹತ್ತಿರ ಬಿಸಿಲಲ್ಲಿ ನಿಂತಿದ್ದ. ಒಂದು ಬಿಳಿ ಕಾರು ಮುಂದೆ ಹೋಗಿ, ನಿಂತು, ಹಿಂದಕ್ಕೆ ಬಂತು.

"ಗದಗಿಗೇನ್ರಿ? ಬರ್ರಿ, ಕೂಸು ಬಿಸಲಾಗ ನಿಂತದ," ಎಂದಳು ನರ್ಮದೆ. ಕನ್ನಡಕ ಬಂದಿತ್ತು, ಕಿವಿಯ ಹತ್ತಿರ ಒಂದೆರಡು ಬಿಳಿಗೂದಲು. ವಾಮನರಾಯರು ತೀರಿಕೊಂಡ ಮೇಲೆ ಏಜೆನ್ಸಿಯನ್ನು ಅವಳೇ ನಡೆಸುತ್ತಿದ್ದಳು.

ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆಂದು ವೇಣೂಬಾಯಿ ಮುಂದೆ ಕೂತಳು. ಮಾರ್ತಾಂಡ ಹಿಂದಿನ ಸೀಟಿನಲ್ಲಿ, ಮಗಳ ನಿದ್ದೆಗಣ್ಣಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಮುಂದೆ ಇಬ್ಬರು ಹೆಂಗಸರೂ ಉಪ್ಪಿನಕಾಯಿ, ಬಿಸಿಲು, ಬಾಳೆಹೊಸೂರಿನ ಮಠ ಎಂದು ಮಾತಾಡುತ್ತ ಹೋದರು.

"ಮದುವಿ ಆಗೇದೇನ್ರಿ?" ಎಂದು ವೇಣೂಬಾಯಿ ಕೇಳಿದಳು.

"ಇಲ್ರಿ. ತಿರುಗಾಟದಾಗ ಹೊತ್ತು ಹೋತು," ಎಂದು ನರ್ಮದೆ ನಕ್ಕಳು. ಆಗ ಒಮ್ಮೆ, ಒಂದೇ ಒಮ್ಮೆ, ಕನ್ನಡಿಯಲ್ಲಿ ಅವಳ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ತುಸು ಹೊತ್ತು ನಿಂತಿತು. ಆಮೇಲೆ ರಸ್ತೆಗೆ ಮರಳಿತು.

ಬೆಟಗೇರಿಯಲ್ಲಿ ಮನೆಯ ಬಾಗಿಲಿಗೇ ತಂದು ಇಳಿಸಿದಳು. ಮಲಗಿದ್ದ ಮಗಳ ಕೆನ್ನೆ ಮುಟ್ಟಿ, "ಬರತೀನ್ರಿ," ಎಂದಳು. ಕಾರು ಓಣಿಯ ತುದಿಯಲ್ಲಿ ತಿರುಗಿತು.

"ಯಾರ್ರಿ ಅವರು? ನಿಮಗ ಮೊದಲಿಂದ ಗುರ್ತೇನು?" ಎಂದಳು ವೇಣೂಬಾಯಿ.

ಮಾರ್ತಾಂಡ ಈ ಸಲ ತಡಮಾಡಲಿಲ್ಲ. "ಗುರ್ತು. ನಾ ಮದುವಿ ಆಗಬೇಕಂತಿದ್ದೆ."

ವೇಣೂಬಾಯಿ ಮಗಳನ್ನು ಭುಜಕ್ಕೆ ಏರಿಸಿಕೊಂಡು, ಖಾಲಿ ಓಣಿಯನ್ನು ನೋಡಿದಳು. "ಅವರಿಗೆ ಹೇಳಿದ್ರೇನು?"

"ಹೇಳಿದೆ. ತಡಾ ಮಾಡಿ ಹೇಳಿದೆ."

ಅವಳು ಜಾರಿದ ಮಗಳ ತಲೆಯನ್ನು ಭುಜದ ಮೇಲೆ ಸರಿಯಾಗಿಟ್ಟುಕೊಂಡಳು.

"ಬಾಗಲತನಕ ಬಂದಿದ್ರಲ್ರಿ," ಎಂದಳು ಆಮೇಲೆ, ಮೆಲ್ಲಗೆ. "ಒಂದು ವಾಟಗಾ ಚಹಾ ಕುಡದು ಹೋಗ್ರಿ ಅಂತಾದ್ರೂ ಅನ್ನಬೇಕಿತ್ತು ನೀವು."

ಅವಳು ಒಳಗೆ ಹೋಗಿ ಸ್ಟೋವ್ ಹಚ್ಚುವ ಸಪ್ಪಳ ಕೇಳಿಸಿತು. ಮಾರ್ತಾಂಡ ಕಟ್ಟೆಯ ಮೇಲೆ ಹಾಗೆಯೇ ನಿಂತಿದ್ದ.