ಅವನೇ ಗೆದ್ದುಕೊಟ್ಟ ತೀರ್ಪು

ಗುಬ್ಬಿಗೆ ಅವನ ಮೇಲೆ ಮನಸ್ಸಾದದ್ದು ಮೇಲಿನ ಕೋರ್ಟಿನ ಹಿಂದಿನ ಬೆಂಚಿನಲ್ಲಿ. ಗುಬ್ಬಿ ಎಂಬುದು ಈ ಪುಟ್ಟ ಕಿರಿಯ ವಕೀಲೆಗೆ ಸಹೋದ್ಯೋಗಿಗಳು ಇಟ್ಟ ಹೆಸರು. ಅಂದು ವಾದಿಸುತ್ತಿದ್ದ ವಕೀಲನಿಗೆ ಎಲ್ಲರೂ ಲಂಬೂ ಎನ್ನುತ್ತಿದ್ದರು; ಬಾಗಿಲಿಗೆ ಬಂದರೆ ತಲೆ ಬಗ್ಗಿಸಲೇಬೇಕಾದ ಆಳು. ಮದುವೆ ನೋಂದಣಿ ಮಾಡಿಸದೆ ಜೊತೆಗೆ ಬಾಳಿದವರಿಗೆ, ಸಂಗಾತಿ ಸತ್ತ ಮೇಲೆ ಆ ಮನೆಯ ಮೇಲೆ ಹಕ್ಕಿಲ್ಲ ಎಂಬುದು ಅವನ ವಾದ. ಗೆದ್ದ. ಗೆದ್ದು ಹಿಂತಿರುಗಿದಾಗ ಕಣ್ಣಿಗೆ ಕಣ್ಣು ಸಿಕ್ಕಿದ್ದು ಇವಳದು. ಸೋತವರ ಗತಿ ಏನೆಂದು ಯೋಚಿಸುವ ಸ್ಥಿತಿಯಲ್ಲಿ ಇವಳೇನೂ ಇರಲಿಲ್ಲ.

ಆಮೇಲೆ ಕ್ಯಾಂಟೀನು. ಪಕ್ಕದ ಕುರ್ಚಿಗೆ ಕೋಟು ಹಾಕಿ, ಕೇಳಿದವರಿಗೆಲ್ಲ ಯಾರೋ ಬರ್ತಾರೆ ಎನ್ನುತ್ತಿದ್ದ. ಇವಳು ಬಂದರೆ ಕೋಟು ಏಳುತ್ತಿತ್ತು, ಅವನ ಕಿವಿ ಕೆಂಪಾಗುತ್ತಿತ್ತು. ಮಾತಿನಲ್ಲೇ ಹೊಟ್ಟೆ ಹೊರೆಯುವ ಇಬ್ಬರಿಗೂ ಆ ಒಂದು ಮಾತು ಮಾತ್ರ ಗಂಟಲು ದಾಟಲಿಲ್ಲ.

ಅಷ್ಟರಲ್ಲಿ ಅವನ ಚಿಕ್ಕಮ್ಮನ ಕೇಸು ಬಂತು. ಅವನನ್ನು ಸಾಕಿ ಓದಿಸಿದವಳು. ಬಡಗಿಯೊಬ್ಬನ ಜೊತೆ ಬದುಕಿಡೀ ಬಾಳಿದ್ದಳು, ನೋಂದಣಿ ಇಲ್ಲದೆ. ಬಡಗಿ ತೀರಿಕೊಂಡದ್ದೇ ಅವನ ಅಣ್ಣ ಮನೆ ಬಿಡು ಎಂದ. ಆ ಅಣ್ಣ ಹೋದದ್ದು ಗುಬ್ಬಿಯ ಸೀನಿಯರ್ ಬಳಿಗೆ. ಸೀನಿಯರ್ ಫೈಲನ್ನು ಇವಳ ಕೈಗಿಟ್ಟು, ಲಂಬೂನ ತೀರ್ಪನ್ನೇ ಓದಿ ಬಾ, ಅಷ್ಟೇ ಸಾಕು ಎಂದು ನಕ್ಕರು. ಚಿಕ್ಕಮ್ಮನೋ, ತನ್ನ ಹುಡುಗನ ಹೊರತು ಬೇರೆ ವಕೀಲ ಬೇಡವೆಂದು ಹಟ ಹಿಡಿದಿದ್ದಳು.

ಕೆಳಗಿನ ಕೋರ್ಟಿನಲ್ಲಿ ಲಂಬೂ ಆ ಮನೆಯ ಕಥೆ ಹೇಳಿದ. ಗೋಡೆ ಚಿಕ್ಕಮ್ಮ ಮೆತ್ತಿದ್ದು, ಮಾಡು ಬಡಗಿ ಕಟ್ಟಿದ್ದು. ನ್ಯಾಯಾಧೀಶೆಯ ಮುಖ ಮೆತ್ತಗಾಯಿತು. ಇದರ ಮೇಲೆ ಮೇಲಿನ ಕೋರ್ಟಿನ ತೀರ್ಪೇನಾದರೂ ಇದೆಯೇ ಎಂದು ಇಬ್ಬರನ್ನೂ ಕೇಳಿದರು. ಮೇಲಿನವರು ಹೇಳಿದ್ದೆಲ್ಲ ಯಾವ ನ್ಯಾಯಾಧೀಶರಿಗೂ ನೆನಪಿರುವುದಿಲ್ಲ. ನೆನಪಿಸುವುದು ವಕೀಲರ ಕರ್ತವ್ಯ, ಅದರಿಂದ ತಮ್ಮ ಕಕ್ಷಿದಾರರೇ ಮುಳುಗಿದರೂ ಸರಿ.

ಗುಬ್ಬಿ ಎದ್ದು ನಿಂತಳು. ತೀರ್ಪಿನ ಪ್ರತಿ ಅಂಗೈ ಕೆಳಗೇ ಇತ್ತು. ಎದುರು ಕೂತಿದ್ದ ಚಿಕ್ಕಮ್ಮ ಇವಳನ್ನು ನೋಡಿ ನಕ್ಕಳು, ಮನೆಗೆ ಬಂದ ಹುಡುಗಿಯನ್ನು ನೋಡಿ ನಗುವ ಹಾಗೆ. ಗುಬ್ಬಿ ಪ್ರತಿಯ ಮೇಲಿಂದ ಕೈ ತೆಗೆಯಲಿಲ್ಲ. ಇದೆ ಎನ್ನಲಾರಳು, ಇಲ್ಲ ಎಂದರೆ ಸುಳ್ಳು. ನ್ಯಾಯಾಧೀಶೆ ಮತ್ತೆ ಕೇಳಿದರು. ಸೀನಿಯರ್ ಮುಖ, ಕೈ ಬಿಟ್ಟುಹೋಗುವ ಕೆಲಸ, ಎಲ್ಲವೂ ಕಣ್ಣ ಮುಂದೆ ಬಂದರೂ ನಾಲಿಗೆ ಹೊರಳಲಿಲ್ಲ.

ಅವನು ಇವಳನ್ನೇ ನೋಡುತ್ತಿದ್ದ. ನೋಡುತ್ತಲೇ ಎದ್ದ.

"ಇದೆ ಮೇಡಂ. ವಾದ ಮಾಡಿದ್ದು ನಾನೇ. ಅದು ನಮ್ಮ ವಿರುದ್ಧ ಇದೆ."

ನ್ಯಾಯಾಧೀಶೆ ತೀರ್ಪನ್ನು ಹಿಂದೆ ಮುಂದೆ ತಿರುವಿದರು. ಆ ಕೇಸು ಬೇರೆ, ಈ ಕೇಸು ಬೇರೆ ಎನ್ನಲು ಒಂದು ಸಣ್ಣ ಸಂದಿ ಹುಡುಕಿದರು. ಸಿಗಲಿಲ್ಲ, ಅವನು ಅಷ್ಟು ಚೆನ್ನಾಗಿ ವಾದಿಸಿದ್ದ.

"ಇದು ನನಗೂ ಸರಿ ಕಾಣಿಸ್ತಿಲ್ಲ," ಎಂದರು. "ಆದ್ರೆ ಮೇಲಿನವರು ಹೇಳಿದ್ದನ್ನ ನಾನು ಮೀರೋ ಹಾಗಿಲ್ಲ. ಬದಲಾಯಿಸೋದಿದ್ರೆ ಅವರೇ ಬದಲಾಯಿಸ್ಬೇಕು. ಅಪೀಲು ಹೋಗಿ."

ಹೊರಗಿನ ಕಾರಿಡಾರಿನಲ್ಲಿ ಗುಬ್ಬಿ ಅವನ ತೋಳು ಹಿಡಿದಳು.

"ನಾನು ಸುಮ್ಮನಿದ್ನಲ್ಲ. ನೀನ್ಯಾಕೆ ಬಾಯಿ ಬಿಟ್ಟೆ?"

"ಬಿಡದಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಮುಚ್ಚಿಟ್ಟು ಗೆದ್ದಿದ್ರೆ ಚಿಕ್ಕಮ್ಮನ ಮುಖ ಹೇಗೆ ನೋಡ್ಲಿ?"

"ಈಗ ನೋಡೋಕಾಗತ್ತಾ?"

ಇಲ್ಲವೆಂದು ತಲೆಯಾಡಿಸಿದ. ಅಷ್ಟೆತ್ತರದ ಆಳು ಗೋಡೆಗೊರಗಿ ಬಿಕ್ಕಿದ. ಕಣ್ಣೊರೆಸಲು ಇವಳಿಗೆ ಕೈ ಎಟುಕಲಿಲ್ಲ, ಅವನೇ ಬಗ್ಗಬೇಕಾಯಿತು.

ಚಿಕ್ಕಮ್ಮ ಬಂದು ಇಬ್ಬರ ನಡುವೆ ನಿಂತಳು. ಅವಳ ಕಣ್ಣು ಒಣಗಿತ್ತು.

"ನಿನ್ನ ತೀರ್ಪಿಂದ ಅಲ್ಲ ಕಣೋ ಮನೆ ಹೋಗಿದ್ದು. ಇವತ್ತೇನು ಅವಸರ, ನೋಂದಣಿಗೆ ನಾಳೆ ಹೋದ್ರಾಯ್ತು ಅಂತ ನಾವಿಬ್ರೂ ಮುಂದಕ್ಕೆ ಹಾಕ್ತಾನೇ ಬಂದ್ವಿ. ನೀವು ನೋಡಿದ್ರೆ ಇನ್ನೂ ಬಾಯೇ ಬಿಟ್ಟಿಲ್ಲ."

ಗುಬ್ಬಿ ಅವನ ಕಡೆ ತಿರುಗಿದಳು. ಅಪೀಲಿನಲ್ಲಿ ಇವನ ಪಕ್ಕ ನಿಲ್ಲುವಂತಿಲ್ಲ. ಎದುರು ಪಕ್ಷಕ್ಕೆ ವಕಾಲತ್ತು ಹಾಕಿದವಳು. ಆ ಮನೆಯನ್ನು ಉಳಿಸಲು ಇವಳಿಂದ ಏನೆಂದರೆ ಏನೂ ಆಗದು.

"ನನಗೆ ನೀನು ಬೇಕು," ಎಂದಳು. "ನೋಂದಣಿ ಕಚೇರಿ ಎಷ್ಟೊತ್ತಿನ ತನಕ ತೆಗೆದಿರತ್ತೆ?"

ಅವನು ಅವಳ ಕೈ ಹಿಡಿದ. ಸಾಕ್ಷಿಗೆ ನಾನಿದ್ದೀನಿ ಎಂದು ಚಿಕ್ಕಮ್ಮ ಸೆರಗು ಸರಿ ಮಾಡಿಕೊಂಡಳು. ತನಗಾಗಿ ಒಮ್ಮೆಯೂ ಹೋಗದ ಆ ಕಚೇರಿಯ ದಾರಿ ಯಾವುದೆಂದು ಕೇಳಿ, ಅವರಿಗಿಂತ ಮುಂದೆ ನಡೆದಳು.